ಕಟಿಂಗ್ ಮಷಿನ್‌ಗೆ ಯಾವ ಕನ್ನಡ ಫಾಂಟ್? ಮೊದಲು ಒತ್ತಕ್ಷರ ನೋಡಿ

ಕಂಪ್ಯೂಟರಿನಲ್ಲಿ ಬರೆದದ್ದನ್ನು ಬ್ಲೇಡಿನಿಂದ ಕತ್ತರಿಸಿಕೊಡುವ ಕ್ರಿಕಟ್ ಅಥವಾ ಸಿಲೂಯೆಟ್ ಕ್ಯಾಮಿಯೊ ಮಷಿನ್ ಮನೆಗೆ ತಂದವರು ಇಂಗ್ಲಿಷ್ ಹೆಸರುಗಳನ್ನು ಸಲೀಸಾಗಿ ಕತ್ತರಿಸಿಬಿಡುತ್ತಾರೆ. ತೊಡಕು ಶುರುವಾಗುವುದು ಗೃಹಪ್ರವೇಶಕ್ಕೆ 'ಸುಸ್ವಾಗತ' ಬೇಕಾದಾಗ, ನಾಮಕರಣದ ಕೇಕಿಗೆ ಮಗುವಿನ ಹೆಸರು ಬೇಕಾದಾಗ, ದಸರಾ ಬೊಂಬೆ ಜೋಡಿಸಿ ಪ್ರತಿ ಮೆಟ್ಟಿಲಿಗೂ ಒಂದು ಚೀಟಿ ಅಂಟಿಸಬೇಕಾದಾಗ. ಪರದೆಯ ಮೇಲೆ ಚೆಂದ ಕಂಡ ಫಾಂಟ್, ಹಾಳೆ ಅಂಟಿಸಿ ಮಷಿನ್ನಿಗೆ ಕೊಡುವ ಮ್ಯಾಟ್ ಮೇಲೆ ಬಂದಾಗ ಒತ್ತು ಕಿತ್ತುಬರುತ್ತದೆ, ಅನುಸ್ವಾರ ಕಳೆದುಹೋಗುತ್ತದೆ. ನೋಟೊ ಫಾಂಟ್ ತಗೊಳ್ಳಲೋ ಬಾಲೂ ತಗೊಳ್ಳಲೋ, ಹಳೆಯ ನುಡಿಯೇ ಸಾಕೋ ಎಂದು ಕೇಳುವವರಿಗೆಲ್ಲ ಒಂದೇ ಉತ್ತರ ಕೊಡಲಾಗದು. ಯಾವ ಸಾಮಾನಿನ ಮೇಲೆ, ಎಷ್ಟು ದೊಡ್ಡದಾಗಿ, ಯಾವ ಪದ ಕತ್ತರಿಸುತ್ತೀರಿ ಎನ್ನುವುದರ ಮೇಲೆ ಅದು ನಿಂತಿದೆ.

ಆರಿಸುವ ಮುನ್ನ ಏನೇನು ನೋಡಬೇಕು

ಮೊದಲನೆಯದು ಒತ್ತಕ್ಷರದ ಗೆರೆಯ ದಪ್ಪ. ಇಂಗ್ಲಿಷ್ ಫಾಂಟ್ ನೋಡುವವರು ದೊಡ್ಡ ಅಕ್ಷರದ ಗೆರೆ ನೋಡಿ ತೀರ್ಮಾನಿಸುತ್ತಾರೆ. ಕನ್ನಡಕ್ಕೆ ಆ ಲೆಕ್ಕ ನಡೆಯುವುದಿಲ್ಲ. 'ಬಣ್ಣ' ಎಂದು ಬರೆದರೆ ಮೇಲಿನ ಣ ಎಷ್ಟೇ ದಪ್ಪವಿರಲಿ, ಕೆಳಗಿನ ಒತ್ತು ಅದಕ್ಕಿಂತ ಸಾಕಷ್ಟು ಚಿಕ್ಕದು, ಗೆರೆಯೂ ಸಣ್ಣದು. ಸ್ಟಿಕ್ಕರ್ ಮಾಡುವ ತೆಳು ಪ್ಲಾಸ್ಟಿಕ್ ಹಾಳೆಗೆ, ಅಂದರೆ ಅಂಟು ವಿನೈಲ್‌ಗೆ, ಅತಿ ತೆಳುವಾದ ಜಾಗದಲ್ಲೂ 1 ಮಿ.ಮೀ. ಇರಬೇಕು. ಬಟ್ಟೆಗೆ ಇಸ್ತ್ರಿ ಹಾಕುವ ಹೀಟ್ ಟ್ರಾನ್ಸ್‌ಫರ್ ವಿನೈಲ್‌ಗೆ 1.5 ಮಿ.ಮೀ., ಮಿನುಗು ಹಾಳೆಯಾದರೆ 2. ಕೇಕಿನ ಮೇಲೆ ಸಿಕ್ಕಿಸುವ ಹೆಸರು, ಅಂದರೆ ಕೇಕ್ ಟಾಪರ್ ಮಾಡುವ 250–300 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಕಾರ್ಡಿಗೆ 2.5 ಮಿ.ಮೀ.ಗಿಂತ ಕಡಿಮೆಯಾದರೆ ಎತ್ತುವಾಗಲೇ ಬಾಗುತ್ತದೆ. ಮೂಲೆ ತಿರುಗುವಾಗ ಬ್ಲೇಡಿನ ತುದಿ ನಡುಗೆರೆಯಲ್ಲಿ ಇರುವುದಿಲ್ಲ, ಸ್ವಲ್ಪ ಹಿಂದೆ ಎಳೆದುಕೊಂಡು ಬರುತ್ತದೆ. ಒತ್ತಿನ ಸಣ್ಣ ಸುಳಿಯಲ್ಲಿ ಆ ಎಳೆತಕ್ಕೆ ವಿನೈಲ್ ಏಳುತ್ತದೆ. ಅಗಲ ಕಡಿಮೆಯಾದಷ್ಟೂ ಅದನ್ನು ಹಿಡಿದಿಡಲು ಅಂಟೂ ಕಡಿಮೆ.

ಎರಡನೆಯದು ಬಿಡಿ ತುಂಡುಗಳ ಸಂಖ್ಯೆ. 'ಮಂಡ್ಯ' ಎಂಬ ಎರಡು ಅಕ್ಷರದ ಪದವನ್ನೇ ನೋಡಿ: ಮ ಒಂದು ತುಂಡು, ಸೊನ್ನೆ ಇನ್ನೊಂದು, ಡ ಮತ್ತೊಂದು, ಯ ಒತ್ತು ಹಲವು ಫಾಂಟ್‌ಗಳಲ್ಲಿ ಬೇರೆಯೇ. 'ಮೈಸೂರು' ಬರೆದರೆ ಐತ್ವದ ಕೆಳಗಿನ ಕೊಂಡಿ ಮ-ಗೆ ತಾಗಿರುತ್ತದೋ ಇಲ್ಲವೋ ಎಂಬುದು ಫಾಂಟಿನಿಂದ ಫಾಂಟಿಗೆ ಬೇರೆ. ಠ ಮತ್ತು ಥ ಒಳಗಿನ ಚುಕ್ಕೆ, ಅರ್ಕಾವೊತ್ತು, ವಿಸರ್ಗ ಇವೂ ಇದೇ ಪಟ್ಟಿಗೆ ಸೇರುತ್ತವೆ. ಗೋಡೆಗೋ ಡಬ್ಬಿಗೋ ಅಂಟಿಸುವುದಾದರೆ ಬಿಡಿ ತುಂಡುಗಳಿಂದ ತೊಂದರೆಯಿಲ್ಲ, ಟ್ರಾನ್ಸ್‌ಫರ್ ಟೇಪ್ ಎಲ್ಲವನ್ನೂ ಒಟ್ಟಿಗೆ ಎತ್ತುತ್ತದೆ. ಕೇಕ್ ಟಾಪರ್, ತೋರಣ, ನೇತುಹಾಕುವ ಹೆಸರು ಇಂಥವಕ್ಕೆ ಮಾತ್ರ ಇಡೀ ಪದ ಒಂದೇ ತುಂಡಾಗಿರಬೇಕು.

ಮೂರನೆಯದು ಅಕ್ಷರದೊಳಗಿನ ಖಾಲಿ ಜಾಗ. ರ, ಠ, ಅನುಸ್ವಾರ, ಕನ್ನಡ ಅಂಕಿಯ ೦ ಎಲ್ಲಕ್ಕೂ ಹೊಟ್ಟೆಯಿದೆ. ಅಕ್ಷರದ ಜಾಗವನ್ನೇ ಕತ್ತರಿಸಿ ತೆಗೆದ ಅಚ್ಚು, ಅಂದರೆ ಸ್ಟೆನ್ಸಿಲ್ ಮಾಡಿದರೆ ಆ ಹೊಟ್ಟೆ ಉದುರಿಹೋಗುತ್ತದೆ. ಅತಿ ದಪ್ಪದ ಫಾಂಟ್ ಚಿಕ್ಕದಾದರೆ ಹೊಟ್ಟೆ ಮುಚ್ಚಿಹೋಗಿ ಘ ಯಾವುದು ಫ ಯಾವುದು ತಿಳಿಯುವುದಿಲ್ಲ.

ನಾಲ್ಕನೆಯದು, ನಿಮ್ಮ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬರುತ್ತದೆಯೇ ಎಂಬುದು. ಇದು ಫಾಂಟಿನ ತಪ್ಪಲ್ಲ, ಆದರೆ ಬೈಗುಳ ಬೀಳುವುದು ಫಾಂಟಿಗೇ. ಪರವಾನಗಿಯ ಮಾತು ಮಾರಾಟ ಮಾಡುವವರಿಗೆ ಮಾತ್ರ. ಅದನ್ನು ಕೊನೆಗೆ ನೋಡೋಣ.

ತಂತ್ರಾಂಶದ ಕಥೆ ಮೊದಲೇ ಮುಗಿಸಿಬಿಡೋಣ

ಯೂನಿಕೋಡ್ ಕನ್ನಡದಲ್ಲಿ ಒತ್ತನ್ನು ಎಲ್ಲಿ ಕೂರಿಸಬೇಕು, ಗುಣಿತ ಹೇಗೆ ಅಂಟಿಸಬೇಕು ಎಂಬ ನಿಯಮ ಫಾಂಟಿನ ಒಳಗಿರುತ್ತದೆ. ಅದನ್ನು ಓದಿ ಜೋಡಿಸುವುದು ತಂತ್ರಾಂಶದ ಕೆಲಸ. ಕಟಿಂಗ್ ಮಷಿನ್ ಜೊತೆ ಬರುವ ಹಲವು ತಂತ್ರಾಂಶಗಳು ಇಂಗ್ಲಿಷಿನಂತೆ ಒಂದೊಂದೇ ಅಕ್ಷರ ಸಾಲಾಗಿ ಇಡುವ ಲೆಕ್ಕದಲ್ಲಿ ಮಾಡಿದವು. ಅಲ್ಲಿ 'ಮಂಡ್ಯ' ಟೈಪಿಸಿದಾಗ ಒತ್ತು ಪಕ್ಕಕ್ಕೆ ಜಾರಿ ಪೂರ್ಣ ಯ ಆಗಿ ಕೂತರೆ ಫಾಂಟ್ ಬದಲಿಸಿ ಪ್ರಯೋಜನವಿಲ್ಲ.

ದಾರಿ ಸುಲಭ, ಖರ್ಚೂ ಇಲ್ಲ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಕನ್ನಡ ಸರಿಯಾಗಿ ಜೋಡಿಯಾಗುತ್ತದೆ. ಅಲ್ಲಿ ಪದ ಟೈಪಿಸಿ, ಕತ್ತರಿಸಬೇಕಾದ ನಿಜ ಅಳತೆಗೆ ತನ್ನಿ. ಪಾತ್ ಮೆನುವಿನಲ್ಲಿ 'ಆಬ್ಜೆಕ್ಟ್ ಟು ಪಾತ್' ಒತ್ತಿ; ಅಕ್ಷರ ಬ್ಲೇಡ್ ಓಡಬಲ್ಲ ಅಂಚಿನ ಗೆರೆ, ಅಂದರೆ ಪಾತ್ ಆಗುತ್ತದೆ. ಪದ ಒಂದು ಗುಂಪಾಗಿ ಬರುತ್ತದೆ. ಅದನ್ನು ಅನ್‌ಗ್ರೂಪ್ ಮಾಡಿ, ಎಲ್ಲವನ್ನೂ ಆಯ್ದು, ಒಂದಾಗಿ ಬೆಸೆಯುವ 'ಯೂನಿಯನ್' ಕೊಡಿ. ಈ ಯೂನಿಯನ್ ಬಿಡಬಾರದು. ತಲೆಕಟ್ಟು ಮತ್ತು ಅಕ್ಷರದ ಮೈ ಒಂದರ ಮೇಲೊಂದು ಹಾದಿರುವ ಫಾಂಟ್‌ಗಳಲ್ಲಿ ಬ್ಲೇಡ್ ಆ ಒಳಗೆರೆಯನ್ನೂ ಕತ್ತರಿಸಿ ಅಕ್ಷರವನ್ನು ಎರಡು ಮಾಡುತ್ತದೆ. ಇನ್ನೊಂದು ಲಾಭವೂ ಉಂಟು: ಎಲ್ಲ ಒಂದೇ ಪಾತ್ ಆಗಿದ್ದರೆ, ಹಾಳೆ ಉಳಿಸುವ ನೆಪದಲ್ಲಿ ಕ್ರಿಕಟ್‌ನ ತಂತ್ರಾಂಶವಾದ ಡಿಸೈನ್ ಸ್ಪೇಸ್ ನಿಮ್ಮ ಒತ್ತುಗಳನ್ನು ಎತ್ತಿ ಮ್ಯಾಟಿನ ಇನ್ನೊಂದು ಮೂಲೆಗೆ ಇಡುವುದಿಲ್ಲ.

ಕ್ರಿಕಟ್‌ಗೆ 'ಪ್ಲೇನ್ ಎಸ್‌ವಿಜಿ' ಎಂಬ ಬಗೆಯ ಫೈಲ್ ಆಗಿ ಉಳಿಸಿ ಅಪ್‌ಲೋಡ್ ಮಾಡಿ. ಒಳಬಂದ ಮೇಲೆ ಅಗಲ ಎಷ್ಟಿದೆ ನೋಡಿ. ಎರಡೂ ತಂತ್ರಾಂಶ ಇಂಚಿಗೆ ಬೇರೆ ಬೇರೆ ಚುಕ್ಕೆಗಳ ಲೆಕ್ಕ ಹಾಕುವುದರಿಂದ ಅಳತೆ ಹಿಗ್ಗಿರುವುದು ಮಾಮೂಲಿ. ಸಿಲೂಯೆಟ್‌ನ ತಂತ್ರಾಂಶವಾದ ಸಿಲೂಯೆಟ್ ಸ್ಟುಡಿಯೊದ ಉಚಿತ ಆವೃತ್ತಿ ಎಸ್‌ವಿಜಿ ತೆರೆಯದಿದ್ದರೆ, ಡಿಎಕ್ಸ್‌ಎಫ್ ಎಂಬ ಇನ್ನೊಂದು ಬಗೆಯ ಫೈಲ್ ಆಗಿ ಉಳಿಸಬೇಕು.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಗ್ನಪತ್ರಿಕೆಯ ಫೋಟೊದಿಂದ ಹೆಸರನ್ನು ಟ್ರೇಸ್ ಮಾಡಿ ಕತ್ತರಿಸುವ ಆಸೆ ಹಲವರಿಗೆ. ಹಾಗೆ ಮಾಡಿದರೆ ಅಂಚಿನ ತುಂಬ ನೂರಾರು ಸಣ್ಣ ಬಿಂದುಗಳು ಹುಟ್ಟಿ ಬ್ಲೇಡ್ ನಡುಗಿದಂತೆ ಓಡುತ್ತದೆ, ದುಂಡು ಅಕ್ಷರ ಗರಗಸದ ಹಲ್ಲಾಗುತ್ತದೆ. ಅದೇ ಹೋಲಿಕೆಯ ಫಾಂಟ್ ಹುಡುಕಿ ಹೊಸದಾಗಿ ಟೈಪಿಸುವುದೇ ಬೇಗ ಮುಗಿಯುವ ಕೆಲಸ.

ಈಗ ಫಾಂಟ್‌ಗಳು

ಒಂದೇ ಒಂದು ಇಳಿಸಿಕೊಳ್ಳುವುದಾದರೆ ಅನೇಕ್ ಕನ್ನಡ. ಫಾಂಟ್ ರೂಪಿಸುವ ಎಕ್ ಟೈಪ್‌ನವರದು, ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ತೆಳುವಿನಿಂದ ಅತಿ ದಪ್ಪದವರೆಗೆ ಎಂಟು ದಪ್ಪಗಳಿವೆ. ಅದಕ್ಕಿಂತ ಮುಖ್ಯ, ಅಗಲವನ್ನೂ ಕಿರಿದು ಹಿರಿದು ಮಾಡಬಹುದು. ನೀರಿನ ಬಾಟಲಿಗೆ 'ಚಾಮುಂಡೇಶ್ವರಿ' ಎಂದು ಒಂದೇ ಸಾಲಿನಲ್ಲಿ ಹಿಡಿಸಬೇಕೆಂದರೆ ಬೇರೆ ಫಾಂಟ್‌ನಲ್ಲಿ ಎತ್ತರ ಇಳಿಸಬೇಕಾಗುತ್ತದೆ, ಎತ್ತರ ಇಳಿದರೆ ಒತ್ತಿನ ಗೆರೆಯೂ ತೆಳುವಾಗುತ್ತದೆ. ಅನೇಕ್‌ನಲ್ಲಿ ಎತ್ತರ ಹಾಗೇ ಇಟ್ಟು ಅಗಲ ಮಾತ್ರ ಕಿರಿದು ಮಾಡಬಹುದು. ಮೌಸ್ ಹಿಡಿದು ಪಕ್ಕದಿಂದ ಹಿಸುಕುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ: ಹಿಸುಕಿದರೆ ನಿಂತ ಗೆರೆಗಳಷ್ಟೇ ತೆಳುವಾಗಿ ಅಕ್ಷರ ಬಡಕಲಾಗುತ್ತದೆ. ತೊಂದರೆ ಒಂದೇ. ಎಲ್ಲ ದಪ್ಪ, ಅಗಲಗಳೂ ಒಂದರಲ್ಲೇ ಇರುವ ವೇರಿಯಬಲ್ ಫೈಲ್ ಬಳಸಿದರೆ ಗೆರೆಗಳು ಒಂದರ ಮೇಲೊಂದು ಹಾದಿರುತ್ತವೆ, ಮೇಲೆ ಹೇಳಿದ ಯೂನಿಯನ್ ಇಲ್ಲಿ ಕಡ್ಡಾಯ.

ಬಾಲೂ ತಮ್ಮ 2 ಮಕ್ಕಳ ಸಾಮಾನಿಗೆ ಹೇಳಿ ಮಾಡಿಸಿದ್ದು. ದುಂಡು ತುದಿ, ತುಂಬಿದ ಗೆರೆ, ಚೂಪು ಮೂಲೆಯೇ ಇಲ್ಲ. ಮೂಲೆಯಿಲ್ಲದ್ದರಿಂದ ಬ್ಲೇಡಿಗೂ ಹಿತ, ತೊಳೆದು ತೊಳೆದು ಟೀ-ಷರ್ಟಿನ ಹೆಸರಿನ ಅಂಚು ಏಳುವುದೂ ತಡ. ಒತ್ತು ಮತ್ತು ಅಕ್ಷರದ ನಡುವಿನ ಸಂದು ಕಿರಿದು, ಆದ್ದರಿಂದ ಕೇಕ್ ಟಾಪರ್ ಮಾಡುವಾಗ ಒತ್ತನ್ನು ಕೊಂಚ ಮೇಲೆ ಸರಿಸಿ ಬೆಸೆದರೂ ಕಣ್ಣಿಗೆ ಹೊಡೆಯುವುದಿಲ್ಲ. ಐದು ದಪ್ಪಗಳಲ್ಲಿ ಸಿಗುತ್ತದೆ, ಎಲ್ಲರೂ ಅತಿ ದಪ್ಪಕ್ಕೇ ಕೈ ಹಾಕುತ್ತಾರೆ. ಅಕ್ಷರ 20 ಮಿ.ಮೀ.ಗಿಂತ ಚಿಕ್ಕದಿದ್ದರೆ ಅದು ಬೇಡ. ಣ, ಖ, ಘ ಒಳಗಿನ ಸಂದು ಮುಚ್ಚಿಹೋಗಿ, ವೀಡಿಂಗ್ ಮಾಡುವಾಗ, ಅಂದರೆ ಬೇಡದ ವಿನೈಲ್ ಕಿತ್ತು ತೆಗೆಯುವಾಗ, ಕೊಕ್ಕೆ ತೂರಿಸಲು ಜಾಗವೇ ಇರುವುದಿಲ್ಲ. ಮೀಡಿಯಂ ಅಥವಾ ಸೆಮಿಬೋಲ್ಡ್ ಸಾಕು.

ನೋಟೊ ಸಾನ್ಸ್ ಕನ್ನಡಕ್ಕೆ ಚೆಲುವಿಲ್ಲ, ನಂಬಿಕೆಯಿದೆ. ಒಂಬತ್ತು ದಪ್ಪಗಳಿವೆ, 'ಸ್ತ್ರೀ', 'ರಾಷ್ಟ್ರ' ಹೀಗೆ ಒತ್ತಿನ ಕೆಳಗೆ ಒತ್ತು ಬರುವ ಪದಗಳೂ ಕೆಡುವುದಿಲ್ಲ. ಅಡುಗೆಮನೆಯ ಸ್ಟೀಲ್ ಡಬ್ಬಿಗೆ 'ಉದ್ದಿನಬೇಳೆ', 'ಸಾಸಿವೆ' ಅಂಟಿಸುವವರಿಗೆ ಇದರ ಸೆಮಿಬೋಲ್ಡ್ ಬೇಕಾದಷ್ಟಾಯಿತು. ಅಜ್ಜಿಗೂ ಕನ್ನಡಕವಿಲ್ಲದೆ ಓದಲು ಬರಬೇಕಲ್ಲ.

ನೋಟೊ ಸೆರಿಫ್, ಟಿರೊ ಕನ್ನಡ, ಬೆಣ್ಣೆ ಇವು ಪುಸ್ತಕದ ಅಕ್ಷರದ ಜಾತಿ. ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೂದಲೆಳೆ. ಗೋಡೆಗೆ 60 ಮಿ.ಮೀ.ಗಿಂತ ಎತ್ತರವಾಗಿ ಶ್ಲೋಕವೋ ವಚನವೋ ಅಂಟಿಸಿದರೆ ಇವುಗಳ ಗಾಂಭೀರ್ಯ ಬೇರೆ ಯಾವುದಕ್ಕೂ ಬರುವುದಿಲ್ಲ. ಅದಕ್ಕಿಂತ ಚಿಕ್ಕದಕ್ಕೆ ಕತ್ತರಿಸುವುದೇ ಬೇಡ. ಆದರೂ ಇದೇ ಬೇಕು ಎಂದರೆ ಪ್ರಿಂಟ್ ಮಾಡಿ, ಸುತ್ತಲಿನ ಅಂಚನ್ನಷ್ಟೇ ಮಷಿನ್‌ನಿಂದ ಕತ್ತರಿಸಿ. ಸಂಕ್ರಾಂತಿಗೆ ಎಳ್ಳು-ಬೆಲ್ಲದ ಪೊಟ್ಟಣಕ್ಕೆ ಅಂಟಿಸುವ ದುಂಡು ಚೀಟಿಗೆ, ಗೌರಿ ಹಬ್ಬದ ಬಾಗಿನದ ಮೇಲಿನ ಹೆಸರಿಗೆ ಇದೇ ಸರಿಯಾದ ದಾರಿ. ಅಕ್ಷರ ಮುದ್ರಣವಾಗಿರುವಾಗ ಒತ್ತಿನ ದಪ್ಪದ ಚಿಂತೆಯೇ ಇಲ್ಲ.

ಹುಬ್ಬಳ್ಳಿ ಎಂಬ ಫಾಂಟ್ ಉದ್ದಕ್ಕೂ ಒಂದೇ ಸಮ ಗೆರೆಯದು, ಒಂದೇ ದಪ್ಪದಲ್ಲಿ ಸಿಗುತ್ತದೆ. ಹಾಗೇ ಕತ್ತರಿಸಿದರೆ ಸಣ್ಣ ಅಳತೆಗೆ ತೆಳುವಾಯಿತು. ಇಂಕ್‌ಸ್ಕೇಪ್‌ನಲ್ಲಿ ಪಾತ್ ಆದ ಅಕ್ಷರಕ್ಕೆ 0.8 ಮಿ.ಮೀ. ಸ್ಟ್ರೋಕ್ (ಅಂಚುಗೆರೆ) ಕೊಟ್ಟು, ಮೂಲೆಯನ್ನು ದುಂಡಗೆ ಇಟ್ಟು, 'ಸ್ಟ್ರೋಕ್ ಟು ಪಾತ್' ಒತ್ತಿ ಮತ್ತೆ ಯೂನಿಯನ್ ಮಾಡಿದರೆ ಎರಡೂ ಕಡೆ 0.4 ಸೇರಿ ಗೆರೆ 0.8 ದಪ್ಪವಾಗುತ್ತದೆ. ಗೆರೆ ಸಮನಾಗಿರುವುದರಿಂದ ಈ ಉಪಾಯ ಇದಕ್ಕೆ ಒಪ್ಪುತ್ತದೆ, ಸೆರಿಫ್‌ಗಳಿಗೆ ಮಾಡಿದರೆ ರೂಪವೇ ಕೆಡುತ್ತದೆ.

ಆಕಾಯ ಕನಡಕ (Akaya Kanadaka) ಎಂಬ ಫಾಂಟ್ ಕೈಬರಹದ ಬಳುಕಿನದು. ಶುಭಕಾರ್ಯದ ಫಲಕಕ್ಕೆ, ಸೀಮಂತದ ಹಿನ್ನೆಲೆಗೆ ಚೆನ್ನ. ಅಕ್ಷರ 40 ಮಿ.ಮೀ. ದಾಟಿರಲಿ. 'ಪದ್ಯಕ್ಕೆ ಎಕ್ಸ್‌ಪ್ಯಾಂಡೆಡ್ ಒನ್' ಎಂಬ ಫಾಂಟಿನದು ಅಗಲವಾಗಿ ಮೈಚೆಲ್ಲಿ ಕೂರುವ ಭಾರಿ ಅಕ್ಷರ. ಫೆಲ್ಟ್ ಬಟ್ಟೆ, ಕಾರ್ಕ್ ಇಂಥ ಒರಟು ಹಾಳೆಗೆ ಎರಡು ಮೂರು ಅಕ್ಷರದ ಪದವಿದ್ದರೆ ತಗೊಳ್ಳಿ. ಉದ್ದ ಹೆಸರಿಗೆ ಹೋದರೆ 12 ಇಂಚಿನ ಮ್ಯಾಟ್ ಸಾಲದು, ವಿನೈಲೂ ದಂಡ.

ಹಳೆಯ ನುಡಿ, ಬರಹದವರ ಪಾಲಿಗೆ

ಮೈಸೂರು, ಮಂಡ್ಯದ ಡಿಟಿಪಿ ಅಂಗಡಿಗಳಲ್ಲಿ ಕೈ ಪಳಗಿದವರ ಕಂಪ್ಯೂಟರ್‌ನಲ್ಲಿ ನುಡಿ, ಬರಹದ ಆಸ್ಕಿ ಫಾಂಟ್‌ಗಳು ಈಗಲೂ ಇವೆ. ಅವು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಇದೇ ಕಾರಣಕ್ಕೆ, ಕನ್ನಡ ಜೋಡಿಸಲು ಬಾರದ ತಂತ್ರಾಂಶದಲ್ಲೂ ಅವು ಬಹುಮಟ್ಟಿಗೆ ಸರಿಯಾಗಿ ಕಾಣುತ್ತವೆ. ಇಂಕ್‌ಸ್ಕೇಪ್ ಕಲಿಯಲು ಮನಸ್ಸಿಲ್ಲದವರಿಗೆ ಇದು ಅಡ್ಡದಾರಿ, ಕೆಟ್ಟದೇನಲ್ಲ. ಎರಡು ಎಚ್ಚರ ಸಾಕು. ಅಕ್ಷರಗಳ ನಡುವಿನ ಅಂತರ ಮುಟ್ಟಬಾರದು; ಮುಟ್ಟಿದರೆ ಗುಣಿತದ ಕೊಂಬು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಟೈಪಿಸಿದ ಕೂಡಲೇ 'ವೆಲ್ಡ್' ಒತ್ತಿ ತುಂಡುಗಳನ್ನು ಬೆಸೆಯಬೇಕು. ಒತ್ತು ಜಾಗ ತಪ್ಪಿ ಕೂತಿದ್ದರೆ ವೆಲ್ಡ್‌ಗೆ ಮುಂಚೆ ಕೈಯಿಂದ ಸರಿಸಿ, ಆಮೇಲೆ ಆಗುವುದಿಲ್ಲ.

ವಿಂಡೋಸ್‌ನಲ್ಲಿ ಬರುವ ನಿರ್ಮಲ ಯುಐ, ಹಳೆಯ ವಿಂಡೋಸ್‌ನಲ್ಲಿ ಬರುತ್ತಿದ್ದ ತುಂಗ ಮೊದಲ ಪ್ರಯೋಗಕ್ಕೆ ಸಾಕು. ತುಂಗ ತೆಳು. ಅದರ ಬೋಲ್ಡ್ ಕೂಡ ಡಬ್ಬಿಯ ಅಳತೆಗೆ ನಿಲ್ಲುವುದು ಕಷ್ಟ.

ಕೆಲಸಕ್ಕೆ ತಕ್ಕಂತೆ

ಕೇಕ್ ಟಾಪರ್‌ಗೆ ಬಾಲೂ ತಮ್ಮ ಅಥವಾ ಅನೇಕ್‌ನ ದಪ್ಪದ್ದು. ಬಿಡಿ ತುಂಡು ಬೆಸೆಯಲು ಮೂರು ದಾರಿ: ಅಕ್ಷರಗಳನ್ನು ಒತ್ತಾಗಿ ಸರಿಸಿ ಒಂದಕ್ಕೊಂದು ತಾಗಿಸುವುದು, ಕೆಳಗೆ 5 ಮಿ.ಮೀ. ಅಗಲದ ಪಟ್ಟಿ ಎಳೆದು ಎಲ್ಲವನ್ನೂ ಅದರ ಮೇಲೆ ನಿಲ್ಲಿಸುವುದು. ಪದದ ಸುತ್ತ 3 ಮಿ.ಮೀ. ಹೊರಗೆ ಅದೇ ಆಕಾರದ ಗೆರೆ, ಅಂದರೆ ಆಫ್‌ಸೆಟ್ ತೆಗೆದು ಅದನ್ನು ಬೇರೆ ಬಣ್ಣದಲ್ಲಿ ಕತ್ತರಿಸಿ ಮೇಲೆ ಅಕ್ಷರ ಅಂಟಿಸುವುದು. ಮೊದಲನೆಯದರಲ್ಲಿ ಅನುಸ್ವಾರ ಪಕ್ಕದ ಅಕ್ಷರಕ್ಕೆ ಅಂಟಿ ಬೇರೇನೋ ಓದಿಸುತ್ತದೆ. ಪಟ್ಟಿ ಎಳೆದರೆ ಒತ್ತುಗಳು ಅದರಲ್ಲಿ ಮುಳುಗುತ್ತವೆ. ಕಾರ್ಡು ಎರಡು ಹಾಳೆ ಹೋದರೂ ಆಫ್‌ಸೆಟ್ಟೇ ಮೇಲು: 'ಸೂರ್ಯ'ದ ಅರ್ಕಾವೊತ್ತು, 'ಮಂ'ದ ಸೊನ್ನೆ ಎಲ್ಲ ಇದ್ದಲ್ಲೇ ಇರುತ್ತವೆ.

ಅಂಗಳದಲ್ಲಿ ರಂಗೋಲಿ ಪುಡಿಯಿಂದ ಅಕ್ಷರ ಮೂಡಿಸುವ ಸ್ಟೆನ್ಸಿಲ್‌ಗೆ ಸಿದ್ಧ ಕನ್ನಡ ಫಾಂಟ್ ಹುಡುಕುವ ಬದಲು ನೋಟೊ ಸಾನ್ಸ್ ಬೋಲ್ಡ್ ತೆಗೆದುಕೊಂಡು ನೀವೇ ಸೇತುವೆ ಹಾಕಿ. 3 ಮಿ.ಮೀ. ಅಗಲದ ಆಯತವನ್ನು ಹೊಟ್ಟೆಯಿಂದ ಹೊರಗಿನವರೆಗೆ ಇಟ್ಟು 'ಡಿಫರೆನ್ಸ್' ಕೊಟ್ಟರೆ ಆಯಿತು. ಸೇತುವೆ ನಿಂತ ಗೆರೆಯಾಗಿರಲಿ, ಮೇಲೊಂದು ಕೆಳಗೊಂದು. ಠ-ಗೆ ಒಂದೇ ಸೇತುವೆ ಹಾಕಿದರೆ ಪುಡಿ ಉದುರಿಸುವಾಗ ನಡುವಿನ ಬಿಲ್ಲೆ ನೇತಾಡುತ್ತದೆ.

ಬಟ್ಟೆಗಾದರೆ ಮಿರರ್ ಮಾಡಿಯೇ, ಅಂದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಯೇ ಕತ್ತರಿಸಬೇಕು. ಇಂಗ್ಲಿಷ್ ತಿರುವುಮುರುವಾದರೆ ತಕ್ಷಣ ಕಾಣುತ್ತದೆ, ನಮ್ಮ ದುಂಡು ಅಕ್ಷರ ತಿರುಗಿದ್ದರೂ ಕಣ್ಣು ಮೋಸ ಹೋಗುತ್ತದೆ. ತಲೆಕಟ್ಟಿನ ಕೊಕ್ಕೆ ಯಾವ ಕಡೆಗಿದೆ ನೋಡಿ ಖಾತ್ರಿ ಮಾಡಿಕೊಳ್ಳಿ. ಎರಡು ಸಾಲು ಇದ್ದರೆ ಸಾಲಿನ ಅಂತರ 1.5ಕ್ಕಿಂತ ಕಡಿಮೆ ಇಡಬೇಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ.

ಪೆನ್ ಸಿಕ್ಕಿಸಿ ಬರೆಸುವವರಿಗೆ ಮೇಲಿನ ಯಾವುದೂ ನೇರವಾಗಿ ಒದಗದು. ಸಾಮಾನ್ಯ ಫಾಂಟ್ ಕೊಟ್ಟರೆ ಮಷಿನ್ ಅಕ್ಷರದ ಎರಡೂ ಅಂಚು ಬರೆದು ಟೊಳ್ಳಾಗಿ ಬಿಡುತ್ತದೆ. ಹುಬ್ಬಳ್ಳಿಯಲ್ಲಿ ಬರೆದ ಪದವನ್ನು ದೊಡ್ಡ ಚಿತ್ರವಾಗಿ ಉಳಿಸಿ, ಇಂಕ್‌ಸ್ಕೇಪ್‌ನ ಟ್ರೇಸ್ ಬಿಟ್‌ಮ್ಯಾಪ್‌ನಲ್ಲಿ 'ಸೆಂಟರ್‌ಲೈನ್' ಆಯ್ಕೆಯಿಂದ ನಡುಗೆರೆ ತೆಗೆದರೆ ಒಪ್ಪುವಂಥದ್ದು ಬರುತ್ತದೆ, ಕೂಡುವ ಜಾಗದಲ್ಲಿ ಸ್ವಲ್ಪ ತಿದ್ದಬೇಕು.

ಅಂಗಡಿಯ ಗಾಜಿಗೆ ಕನ್ನಡ, ಇಂಗ್ಲಿಷ್ ಎರಡೂ ಬೇಕಾದವರು ಅನೇಕ್ ಅಥವಾ ಬಾಲೂ ತಗೊಳ್ಳಲಿ, ಎರಡು ಲಿಪಿಯನ್ನೂ ಒಂದೇ ಕೈ ಬರೆದಂತೆ ಹೊಂದಿಸಿದ್ದಾರೆ. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿ ಇರುವುದರಿಂದ ಕನ್ನಡದ ಸಾಲನ್ನು ಮೊದಲು ಅಳೆದು ಇಟ್ಟು, ಉಳಿದ ಜಾಗಕ್ಕೆ ಇಂಗ್ಲಿಷ್ ಹೊಂದಿಸಿ. ಬಿಸಿಲು ಮಳೆಗೆ ಒಡ್ಡುವ ಕಡೆ ಪರ್ಮನೆಂಟ್ ವಿನೈಲೇ ಆಗಬೇಕು, ಬಾಡಿಗೆ ಮನೆಯ ಗೋಡೆಗೆ ರಿಮೂವಬಲ್.

ಕತ್ತರಿಸುವ ಮುನ್ನ

ಎರಡು ಫಾಂಟ್ ನಡುವೆ ಇನ್ನೂ ತೂಗಾಡುತ್ತಿದ್ದರೆ 'ಮೈಸೂರು, ಕೃಷ್ಣ, ಬಣ್ಣ, ಅರ್ಥ, ಸ್ತ್ರೀ' ಇಷ್ಟನ್ನು ಎರಡರಲ್ಲೂ ನಿಮಗೆ ಬೇಕಾದ ಅಳತೆಯಲ್ಲೇ ಟೈಪಿಸಿ. ಇಂಕ್‌ಸ್ಕೇಪ್‌ನಲ್ಲಿ ಎಂ ಒತ್ತಿದರೆ ಅಳತೆಪಟ್ಟಿ ಬರುತ್ತದೆ, ಅದನ್ನು ಣ ಒತ್ತಿನ ಅತಿ ತೆಳು ಜಾಗದ ಮೇಲೆ ಎಳೆದು ನೋಡಿ. ಮೇಲೆ ಹೇಳಿದ ಮಿ.ಮೀ. ಇಲ್ಲದ್ದನ್ನು ಅಲ್ಲೇ ಬಿಡಿ. ಎರಡೂ ದಾಟಿದರೆ ಉಳಿಕೆ ವಿನೈಲ್ ಚೂರಿನಲ್ಲಿ ಕತ್ತರಿಸಿ. ಸಣ್ಣ ಅಕ್ಷರಕ್ಕೆ 45 ಡಿಗ್ರಿಯ ಬದಲು 60 ಡಿಗ್ರಿ ಬ್ಲೇಡ್ ಹಾಕಿ ವೇಗ ಇಳಿಸಿದರೆ ಒತ್ತಿನ ಸುಳಿ ಚೊಕ್ಕವಾಗಿ ಬರುತ್ತದೆ. ವೀಡಿಂಗ್ ಮಾಡುವಾಗ ಹೊರ ವಿನೈಲನ್ನು ಮೇಲಕ್ಕೆ ಎತ್ತಬೇಡಿ, ಹಿಂದಕ್ಕೆ ಮಡಚಿ ಹಾಳೆಗೆ ಒರಗಿಸಿಕೊಂಡೇ ನಿಧಾನ ಎಳೆಯಿರಿ. ಆಗಲೂ ಒತ್ತು ಎದ್ದರೆ ಫಾಂಟನ್ನು ಬಯ್ಯುವ ಮುಂಚೆ ಬ್ಲೇಡಿನ ತುದಿಯಲ್ಲಿ ವಿನೈಲ್ ಚೂರು ಸಿಕ್ಕಿಕೊಂಡಿದೆಯೇ ನೋಡಿ.

ಮಾಡಿದ್ದನ್ನು ಮಾರುವವರಿಗೆ: ಅನೇಕ್, ಬಾಲೂ ತಮ್ಮ, ನೋಟೊ, ಟಿರೊ, ಹುಬ್ಬಳ್ಳಿ, ಆಕಾಯ, ಪದ್ಯಕ್ಕೆ ಎಲ್ಲವೂ ಓಪನ್ ಫಾಂಟ್ ಲೈಸೆನ್ಸ್‌ನವು. ಅವುಗಳಿಂದ ಮಾಡಿದ ಸ್ಟಿಕ್ಕರ್, ಟಾಪರ್, ಬಟ್ಟೆ ಮಾರಬಹುದು, ಫಾಂಟ್ ಫೈಲನ್ನೇ ಮಾರುವಂತಿಲ್ಲ. ಬೇರೆಡೆಯಿಂದ ತಂದದ್ದಕ್ಕೆ ಜೊತೆಯಲ್ಲಿರುವ ಷರತ್ತು ಓದಿಕೊಳ್ಳಿ. ಗಾಜಿನುದ್ದ ಅಕ್ಷರ ಬೇಕಾಗಿ ಮನೆಯ ಮಷಿನ್ ಸಾಲದೆ ರೇಡಿಯಂ ಕಟಿಂಗ್ ಅಂಗಡಿಗೋ, ಅಕ್ರಿಲಿಕ್ ನೇಮ್‌ಪ್ಲೇಟ್‌ಗೆಂದು ಲೇಸರ್ ಅಂಗಡಿಗೋ ಹೋಗುವುದಾದರೆ ಇದೇ ಪಾತ್ ಆದ ಡಿಎಕ್ಸ್‌ಎಫ್ ಕೊಡಿ, ಅಗಲ ಎಷ್ಟು ಮಿ.ಮೀ. ಎಂದು ಚೀಟಿಯಲ್ಲಿ ಬರೆದುಕೊಡಿ. ಟೈಪಿಸಿದ ಫೈಲನ್ನೇ ಕೊಟ್ಟರೆ ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ಫಾಂಟ್ ಇರದೆ ಬೇರೆಯದು ಕೂತು ಕತ್ತರಿಸಿಬಿಡುತ್ತದೆ.